ಅರಸನ ಮಗ, ಅಸಗನ ಮಗ

ಕಳೆದ ವರ್ಷ ದೀಪಾವಳಿ ಮುಗಿದ ಮರುವಾರ ನವಲಗುಂದದ ಕಡೆಯ ಒಂದು ಹಳ್ಳಿಯಿಂದ ನನಗೆ ಫೋನ್ ಬಂತು. ಮಾತಾಡಿದವರು ಆ ಊರಿನ ಗುಡಿಯ ಕಮಿಟಿ ಅಧ್ಯಕ್ಷರು. ಹತ್ತಿ, ಕಡಲೆ ವ್ಯಾಪಾರ ಮಾಡುವ ಮನುಷ್ಯ. ಪೇಟೆಯ ಗದ್ದಲದಲ್ಲಿ ಮಾತಾಡಿ ರೂಢಿಯಾದ ದೊಡ್ಡ ದನಿ.

"ಅಕ್ಕಾರ, ನಮ್ಮೂರ ವೀರಗಲ್ಲ ನೀವ ಓದಿದ್ರಿ. ನೆನಪೈತೇನ್ರಿ?"

ನೆನಪಿದೆ ಎಂದೆ.

"ಈಗ ಅದಕ್ಕೊಂದು ಮಂಟಪ ಕಟ್ಟಸಾಕತ್ತೇವ್ರಿ. ಮುಂದ ಒಂದು ಕಲ್ಲಿನ ಫಲಕ ಕೆತ್ತಸ್ಬೇಕು. ಅದರಾಗ ಏನ ಬರಿಬೇಕಂತ ನೀವ ಒಮ್ಮಿ ಬಂದು ನೋಡಿ ಹೇಳಿದ್ರ ಛಲೋ ಆಕ್ಕೈತಿ. ಉದ್ಘಾಟನಾಕ್ಕೂ ನೀವ ಬರಾಕಬೇಕು."

ನನಗೆ ಖುಷಿಯಾಯಿತು. ಧಾರವಾಡದ ಒಂದು ಕಾಲೇಜಿನಲ್ಲಿ ಇಪ್ಪತ್ತೇಳು ವರ್ಷದಿಂದ ಹಳಗನ್ನಡ ಕಲಿಸುತ್ತಿದ್ದೇನೆ. ಇನ್ನೆರಡು ವರ್ಷಕ್ಕೆ ನಿವೃತ್ತಿ. ನಾನು ಕಲಿಸಿದ್ದು ಪರೀಕ್ಷೆಯ ಆಚೆಗೆ ಯಾರಿಗಾದರೂ ಬೇಕಾಯಿತೇ ಎಂದು ಕೇಳಿದರೆ ಉತ್ತರ ಹೇಳುವುದು ಕಷ್ಟ. ಆದರೆ ಆ ಹಳ್ಳಿಯಲ್ಲಿ ನಾನು ಓದಿದ ಒಂದು ಸಾಲನ್ನು ಊರಿಗೆ ಊರೇ ಬಾಯಿಪಾಠ ಮಾಡಿಕೊಂಡಿತ್ತು. ಆ ಸಾಲು ಸುಳ್ಳಾಗಿರಬಹುದೆಂಬ ಅನುಮಾನ ಮಾತ್ರ ಒಳಗೆಲ್ಲೋ ಇತ್ತು. ಮೂವತ್ತು ವರ್ಷ ಅದನ್ನು ನಾನು ಮಾತಾಡಗೊಟ್ಟಿರಲಿಲ್ಲ.

ಅದು ನಡೆದದ್ದು ಹೀಗೆ. ಎಂ.ಎ. ಮುಗಿಸಿ ಶಾಸನಶಾಸ್ತ್ರ ಕಲಿಯುತ್ತಿದ್ದ ಕಾಲ. ನನ್ನ ಪ್ರಬಂಧಕ್ಕೆ ಗುರುಗಳು ಹತ್ತು ಹನ್ನೆರಡು ಹಳ್ಳಿಗಳ ವೀರಗಲ್ಲುಗಳನ್ನು ಓದಿಕೊಂಡು ಬರಲು ಹೇಳಿದ್ದರು. ಬೇಸಿಗೆಯಲ್ಲಿ ಬಸ್ಸು ಹತ್ತಿ, ಚೀಲದಲ್ಲಿ ಕಾಗದ, ಮಸಿ, ಬ್ರಷ್ಷು ತುಂಬಿಕೊಂಡು ಆ ಊರಿಗೆ ಹೋಗಿದ್ದೆ. ಗುಡಿಯೊಳಗೆ ಹಿಂದಿನ ಗೋಡೆಗೆ ಒತ್ತಿ ನಿಲ್ಲಿಸಿದ್ದ ಕಲ್ಲು. ಒಳಗೆ ಕತ್ತಲೆ. ಮೇಲೆಲ್ಲ ಸುಣ್ಣ, ಎಣ್ಣೆಯ ಜಿಡ್ಡು. ಕೆಳಗಿನ ಹಂತದಲ್ಲಿ ಬಿಲ್ಲು ಹಿಡಿದು ನಿಂತವನೊಬ್ಬ, ಅವನ ಬೆನ್ನ ಹಿಂದೆ ಕೊಂಬಿನ ದನಗಳು. ನಡುವಿನ ಹಂತದಲ್ಲಿ ಇಬ್ಬರು ಅಪ್ಸರೆಯರು ಅವನ ಎರಡೂ ರಟ್ಟೆ ಹಿಡಿದು ಮೇಲಕ್ಕೊಯ್ಯುತ್ತಿದ್ದಾರೆ. ಎಲ್ಲಕ್ಕಿಂತ ಮೇಲೆ ಕೈಲಾಸ. ಅಲ್ಲಿ ಅವನು ಲಿಂಗದ ಮುಂದೆ ಕೈಮುಗಿದು ಕೂತಿದ್ದಾನೆ. ಕಾಳಗದಲ್ಲಿ ಸತ್ತವನು ನೇರ ಶಿವನ ಹತ್ತಿರ ಹೋಗುತ್ತಾನೆ ಎಂಬುದು ಆ ಕಾಲದ ನಂಬಿಕೆ. ಹಂತಗಳ ನಡುವಿನ ಪಟ್ಟಿಯಲ್ಲಿ ಮೂರು ನಾಲ್ಕು ಸಾಲು ಬರಹ. ವೀರನ ಹೆಸರಿದ್ದ ಮೂಲೆ ಎಂದೋ ಒಡೆದು ಹೋಗಿತ್ತು. ಉಳಿದದ್ದರಲ್ಲಿ, ಕಳ್ಳರು ಹೊಡೆದುಕೊಂಡು ಹೋದ ಊರ ದನಗಳನ್ನು ಮರಳಿಸಿ ಸತ್ತ ಎಂಬುದು ಸ್ಪಷ್ಟವಾಗಿತ್ತು. ಅವನು ಯಾರ ಮಗ ಎಂಬಲ್ಲಿ ಮಾತ್ರ ತೊಡಕು. ಮೊದಲ ಅಕ್ಷರ 'ಅ'. ಆಮೇಲಿನ ಎರಡು ಅಕ್ಷರ ಸುಣ್ಣದೊಳಗೆ ಮುಚ್ಚಿದ್ದವು, ತಲೆಕಟ್ಟು ಮಾತ್ರ ಕಾಣುತ್ತಿತ್ತು. ಅದಾದ ಮೇಲೆ 'ನ ಮಗ' ಎಂದು ಚೆನ್ನಾಗಿಯೇ ಇತ್ತು.

ಒದ್ದೆ ಕಾಗದ ಹಚ್ಚಿ, ಬ್ರಷ್ಷಿನಿಂದ ಬಡಿದು, ಮಸಿ ಒತ್ತಿ ಪಡಿಯಚ್ಚು ತೆಗೆದೆ. ಆ ಜಾಗದಲ್ಲಿ ಮಸಿ ಕಲಸಿತು. ನಾನು 'ಅರಸನ ಮಗ' ಎಂದು ಓದಿದೆ. ಆಗಿನ ವಯಸ್ಸಿಗೆ ಅದೇ ಸರಿಯೆನಿಸಿತು. ಇಷ್ಟು ಚಂದದ ಕಲ್ಲನ್ನು ಅರಸನ ಮಗನಿಗಲ್ಲದೆ ಯಾರಿಗೆ ನಿಲ್ಲಿಸುತ್ತಾರೆ ಎಂದುಕೊಂಡೆ.

ಗುರುಗಳು ಆ ಅಚ್ಚನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ನನ್ನ ಹಾಳೆಯಲ್ಲಿ 'ಅರಸ'ದ ಪಕ್ಕ ಪೆನ್ಸಿಲಿನಿಂದ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದರು.

"ತಂಗಿ, ಇದೊಂದು ಸಾಲಿಗೆ ಇನ್ನೊಮ್ಮೆ ಹೋಗಿ ಬಾ. ಸುಣ್ಣಾ ತೊಳಿಸಿ ನೋಡು."

ಹೋಗಿ ಬರುತ್ತೇನೆ ಎಂದೆ. ಆ ವಾರ ನನ್ನ ಮದುವೆಯ ಸೀರೆ ತರಲು ಅಕ್ಕನ ಜೊತೆ ಹುಬ್ಬಳ್ಳಿಗೆ ಹೋದೆ. ಮುಂದಿನ ವಾರ ಇನ್ನೇನೋ. ಪ್ರಬಂಧ ಒಪ್ಪಿಸುವ ದಿನ ಹತ್ತಿರವಾಯಿತು. ಗುರುಗಳು ಕೇಳಿದಾಗ ಅವರ ಮುಖ ನೋಡಿಯೇ ಹೇಳಿದೆ, "ಹೋಗಿ ಬಂದೆ ಸರ್. ಅರಸ ಅಂತನೇ ಅದ." ಅವರು ತಲೆಯಾಡಿಸಿದರು. ನಾನು ಮನೆಗೆ ಬಂದು ರಬ್ಬರಿನಿಂದ ಆ ಚಿಹ್ನೆ ಅಳಿಸಿದೆ.

ಪ್ರಬಂಧ ಗ್ರಂಥಾಲಯದ ಕಪಾಟು ಸೇರಿತು. ಆ ಊರಿನ ಸಾಲಿ ಮಾಸ್ತರರೊಬ್ಬರು ಹೇಗೋ ಅದರ ಒಂದು ಪುಟದ ಝೆರಾಕ್ಸ್ ಸಂಪಾದಿಸಿ, ಗುಡಿಯ ಗೋಡೆಯ ಮೇಲೆ ಬಣ್ಣದಲ್ಲಿ ಬರೆಸಿದರು. ಅಲ್ಲಿಂದ ಕತೆ ಬೆಳೆಯಿತು. ನಮ್ಮ ಕಡೆ ಬಹಳ ಊರುಗಳಿಗೆ ಪುರಾಣದ ನೆಂಟಸ್ತಿಕೆ ಇದೆ. ರಾಜ್ಯ ಕಳೆದುಕೊಂಡ ಸಹೋದರರು ವೇಷ ಮರೆಸಿಕೊಂಡು ಒಂದು ವರ್ಷ ಕಳೆದದ್ದು ಇಲ್ಲೇ, ಶತ್ರುಗಳು ದನ ಹಿಡಿದದ್ದು ಇಲ್ಲೇ ಎಂದು ಹಿರಿಯರು ಬೆರಳು ತೋರಿಸಿ ಹೇಳುತ್ತಾರೆ. ದನ ಬಿಡಿಸಿದ ಅರಸನ ಮಗ ಎಂದಮೇಲೆ, ಆ ಸಹೋದರರಿಗೆ ಆಸರೆ ಕೊಟ್ಟ ಅರಸನ ಮಗನಾದ ರಾಜಕುಮಾರನೇ ಈ ಕಲ್ಲಿನಲ್ಲಿರುವವನು ಎಂದು ಊರು ತೀರ್ಮಾನಿಸಿತು. ಊರ ದೊಡ್ಡಾಟದ ಮೇಳದವರು ವರ್ಷವೂ ಅದೇ ಪ್ರಸಂಗ ಆಡತೊಡಗಿದರು. ಇದೆಲ್ಲ ಆಗೀಗ ನನ್ನ ಕಿವಿಗೆ ಬೀಳುತ್ತಿತ್ತು. ನಾನು ನಗುತ್ತಿದ್ದೆ. ಆ ಊರಿಗೆ ಮಾತ್ರ ಮತ್ತೆ ಹೋಗಲಿಲ್ಲ.

ಅಧ್ಯಕ್ಷರ ಫೋನ್ ಬಂದ ಮೇಲಿನ ಭಾನುವಾರ ಸ್ಕೂಟಿ ತೆಗೆದುಕೊಂಡು ಹೋದೆ. ಎರಿ ಮಣ್ಣಿನ ಕಪ್ಪು ಹೊಲಗಳಲ್ಲಿ ಕಡಲೆ ಗೇಣುದ್ದ ಬೆಳೆದು ನಿಂತಿತ್ತು. ಊರು ಮುಟ್ಟಿದಾಗ ನಾಲ್ಕೂವರೆ ಗಂಟೆ. ಮಂಟಪಕ್ಕಾಗಿ ಗುಡಿಯ ಹಿಂದಿನ ಗೋಡೆ ಕೆಡವಿದ್ದರು. ಕಲ್ಲಿನ ಸುಣ್ಣವನ್ನೆಲ್ಲ ತೊಳೆದು, ಹೊಸ ಕಟ್ಟೆಯ ಮೇಲೆ ಬಯಲಿಗೆ ನಿಲ್ಲಿಸಿದ್ದರು. ಪಡುವಣ ಬಿಸಿಲು ಅದರ ಮೇಲೆ ಅಡ್ಡಲಾಗಿ ಬಿದ್ದಿತ್ತು. ಅಂಥ ಬೆಳಕಿನಲ್ಲಿ ಅಕ್ಷರದ ಒಂದು ಅಂಚು ನೆರಳಾಗಿ, ಇನ್ನೊಂದು ಅಂಚು ಹೊಳೆದು, ಸವೆದ ಬರಹವೂ ಎದ್ದು ಕಾಣುತ್ತದೆ. ಇದನ್ನು ನಾನೇ ಎಷ್ಟೋ ಸಲ ತರಗತಿಯಲ್ಲಿ ಹೇಳಿದ್ದೇನೆ.

ಆ ಸಾಲಿಗೆ ಕಣ್ಣು ತಾನಾಗಿ ಹೋಯಿತು. 'ಅ'. ಅದರ ಮುಂದೆ, ಯಾವ ಅನುಮಾನಕ್ಕೂ ಎಡೆಯಿಲ್ಲದ 'ಸ'. ಅದರ ಮುಂದೆ ಬಾಗಿಲ ಕಮಾನಿನಂತೆ ಬಾಗಿದ 'ಗ'. ಅಸಗನ ಮಗ.

ಹಳಗನ್ನಡದಲ್ಲಿ ಅಸಗ ಎಂದರೆ ಬಟ್ಟೆ ಒಗೆಯುವವನು. ಇಂದು ನಾವು ಅಗಸ ಎನ್ನುತ್ತೇವೆ. ಕಾಲಾಂತರದಲ್ಲಿ ನಾಲಗೆಯ ಮೇಲೆ ಆ ಎರಡು ಅಕ್ಷರ ಸ್ಥಳ ಬದಲಿಸಿಕೊಂಡವು, ಅಷ್ಟೇ. ಪ್ರತಿ ವರ್ಷ ಮಕ್ಕಳಿಗೆ ಶಬ್ದಗಳು ಬದಲಾಗುವ ಬಗೆ ಹೇಳುವಾಗ ನಾನು ಕೊಡುವ ಉದಾಹರಣೆಯೇ ಇದು.

ಅಧ್ಯಕ್ಷರು ಪಕ್ಕದಲ್ಲಿ ನಿಂತು ಏನೋ ಹೇಳುತ್ತಿದ್ದರು. ಫಲಕಕ್ಕೆ ಬರೆದಿಟ್ಟ ಕಾಗದ ಕೈಗೆ ಕೊಟ್ಟರು. ಮೊದಲ ಸಾಲಿನಲ್ಲೇ 'ಅರಸುಕುಮಾರನ ವೀರಗಲ್ಲು' ಎಂದಿತ್ತು. ಉದ್ಘಾಟನೆಯ ಆಮಂತ್ರಣ ಪತ್ರಿಕೆಗಳೂ ಅಚ್ಚಾಗಿ ಬಂದಿದ್ದವು. ಒಂದನ್ನು ಕೊಟ್ಟರು, ನನ್ನ ಹೆಸರು ಕೆಂಪಕ್ಷರದಲ್ಲಿತ್ತು.

"ಹೆಂಗೈತ್ರಿ ಅಕ್ಕಾರ? ಸರಿ ಐತಿಲ್ಲ?"

"ಮನೆಗೆ ಒಯ್ದು ಸಾವಕಾಶ ನೋಡ್ತೇನ್ರಿ," ಎಂದೆ. ಅವಲಕ್ಕಿ, ಚಹಾ ಕೊಟ್ಟರು. ಅವಲಕ್ಕಿಯನ್ನು ತಟ್ಟೆಯಲ್ಲೇ ಬಿಟ್ಟೆ. ಕತ್ತಲಾಗುವ ಮೊದಲು ಹೋಗಬೇಕು ಎಂಬ ನೆಪ ಹೇಳಿ ಹೊರಟುಬಿಟ್ಟೆ.

ಆಮೇಲಿನ ನಾಲ್ಕು ದಿನ ನಾನು ನಾನಾಗಿರಲಿಲ್ಲ. ಸುಮ್ಮನಿದ್ದುಬಿಡಬಹುದಿತ್ತು. ಊರಿನವರಿಗೆ ಹಳೆಯ ಲಿಪಿ ಬಾರದು. ಗುರುಗಳಿಗೆ ಎಂಬತ್ತೆಂಟು, ಕಣ್ಣು ಮಂಜು. ಆದರೆ ಸುಳ್ಳು ಇಷ್ಟು ದಿನ ಕಾಗದದ ಮೇಲಿತ್ತು, ಗೋಡೆಯ ಬಣ್ಣದಲ್ಲಿತ್ತು. ಈಗ ಅದನ್ನು ಕಲ್ಲಿನಲ್ಲಿ ಕೆತ್ತುತ್ತಾರೆ. ನಿಜವಾದ ಕಲ್ಲಿನ ಎದುರಿಗೇ ನಿಲ್ಲಿಸುತ್ತಾರೆ. ಹೇಳಿದರೆ ಏನಾಗಬಹುದೆಂಬ ಹೆದರಿಕೆಯೂ ಚಿಕ್ಕದಲ್ಲ. ನನಗೆ ನಾಲ್ಕು ಮಾತು ಅಂದರೆ ಅನ್ನಲಿ. ಆದರೆ ನಿಮ್ಮ ರಾಜಕುಮಾರ ಅರಸನ ಮಗನಲ್ಲ, ಅಗಸನ ಮಗ ಎಂದಾಗ ಜನ ಸಿಟ್ಟಿಗೆದ್ದರೆ? ಆ ಊರಲ್ಲಿ ಮಡಿವಾಳರ ಮನೆ ಇರುವುದೇ ಒಂದು. ನನ್ನ ತಪ್ಪಿನ ಸಿಟ್ಟು ಅವರ ಮೇಲೆ ತಿರುಗಿದರೆ?

ಐದನೆಯ ದಿನ ಬೆಳಿಗ್ಗೆ ಮಾಳಮಡ್ಡಿಯಲ್ಲಿರುವ ಗುರುಗಳ ಮನೆಗೆ ಹೋದೆ. ಬಿಸಿಲಿಗೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಕಾಲಿಗೆ ನಮಸ್ಕಾರ ಮಾಡಿ, ಮೊಬೈಲಿನಲ್ಲಿ ತೆಗೆದ ಫೋಟೋ ದೊಡ್ಡದು ಮಾಡಿ ತೋರಿಸಿದೆ. ಅವರು ಭೂತಗನ್ನಡಿ ತರಿಸಿಕೊಂಡರು. ಬೆರಳಿನಿಂದ ಗಾಳಿಯಲ್ಲಿ ಅಕ್ಷರ ಬರೆಯುತ್ತ ಓದಿದರು.

"ಅ... ಸ... ಗ. ಅಸಗನ ಮಗ. ಭಾಳ ಛಲೋ ಅದ. ಎಲ್ಲಿದು?"

"ನನ್ನ ಪ್ರಬಂಧದಾಗಿನ ಕಲ್ಲ ಸರ್. ನೀವು ಪ್ರಶ್ನೆ ಹಾಕಿದ್ರಲ್ಲ, ಅದ. ಇನ್ನೊಮ್ಮೆ ಹೋಗಿ ನೋಡಿ ಬಾ ಅಂದಿದ್ರಿ. ನಾ ಹೋಗಿದ್ದಿಲ್ಲ. ಹೋಗಿ ಬಂದೆ ಅಂತ ಸುಳ್ಳ ಹೇಳಿದ್ದೆ."

ಐವತ್ತಾರು ವರ್ಷದ ಹೆಂಗಸು, ಹೋಮ್‌ವರ್ಕ್ ಮಾಡದ ಹುಡುಗಿಯಂತೆ ಕೈಕಟ್ಟಿ ನಿಂತಿದ್ದೆ. ಅವರು ಭೂತಗನ್ನಡಿ ತೊಡೆಯ ಮೇಲಿಟ್ಟು ನನ್ನನ್ನೇ ನೋಡಿದರು.

"ಸುಳ್ಳ ಹೇಳಿದ್ದು ತಪ್ಪು," ಎಂದರು. "ಅದಕ್ಕ ನಾ ಏನೂ ಸಮಾಧಾನ ಹೇಳೂದಿಲ್ಲ. ತಪ್ಪ ಓದಿದ್ದು ಬ್ಯಾರೆ ಮಾತು. ನಾನೂ ಒಮ್ಮೆ ದೇವರಿಗೆ ಎಳ್ಳು ಬಿಟ್ಟುಕೊಟ್ಟದ್ದನ್ನ ಹಳ್ಳಾ ಬಿಟ್ಟುಕೊಟ್ಟಾರ ಅಂತ ಓದಿ, ಆ ಹಳ್ಳಾ ಎಲ್ಲದ ಅಂತ ಹುಡುಕಿಕೋತ ಎರಡು ದಿನಾ ಬಿಸಲಾಗ ಅಡ್ಡಾಡೇನಿ."

ನನಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಅವರು ಮತ್ತೆ ಫೋಟೋ ಕೈಗೆತ್ತಿಕೊಂಡರು.

"ಊರಾಗ ಹೇಳೀಯೇನು?"

"ಇಲ್ಲ ಸರ್. ಹೆದರಿಕಿ ಆಗೇದ."

"ಫಲಕಾ ಕೆತ್ತೂದಕಿಂತ ಮೊದಲ ಹೋಗಿ ಹೇಳು. ಈ ಸಲ ಖರೇನ ಹೋಗು."

ಕೊನೆಯ ಮಾತು ಹೇಳುವಾಗ ಅವರ ತುಟಿಯ ತುದಿಯಲ್ಲಿ ನಗುವಿತ್ತು. ಮೂವತ್ತು ವರ್ಷ ಹೊತ್ತ ಭಾರದಲ್ಲಿ ಅರ್ಧ ಆ ಅಂಗಳದಲ್ಲೇ ಇಳಿಯಿತು. ಅವರ ಸೊಸೆ ತಂದುಕೊಟ್ಟ ಉಪ್ಪಿಟ್ಟನ್ನು ಎರಡು ಸಲ ಹಾಕಿಸಿಕೊಂಡು ತಿಂದೆ.

ಮರುದಿನ ರಜೆ ಹಾಕಿ ಊರಿಗೆ ಹೋದೆ. ಗುಡಿಗೆ ಹೋಗಲಿಲ್ಲ. ಮೊದಲು ಮಡಿವಾಳರ ಮನೆ ಯಾವುದೆಂದು ಕೇಳಿ ಅಲ್ಲಿಗೆ ಹೋದೆ. ಏನಾದರೂ ಆದರೆ ಅದು ಬೀಳುವುದು ಅವರ ತಲೆಯ ಮೇಲೆ. ಅವರನ್ನು ಕೇಳದೆ ಹೇಳುವ ಹಕ್ಕು ನನಗಿಲ್ಲ ಅನ್ನಿಸಿತ್ತು. ಮನೆಯಲ್ಲಿ ಎಪ್ಪತ್ತು ದಾಟಿದ ಅಜ್ಜಿಯೊಬ್ಬಳೇ ಇದ್ದಳು. ಮಗ ಹುಬ್ಬಳ್ಳಿಯಲ್ಲಿ ಇಸ್ತ್ರಿ ಅಂಗಡಿ ಇಟ್ಟಿದ್ದಾನೆ, ಸೊಸೆ ಹೊಲಕ್ಕೆ ಹೋಗಿದ್ದಾಳೆ ಎಂದಳು. ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಬಿಸಿಲಿಗೆ ಕೂತಿದ್ದಳು. ನಾನು ಯಾರೆಂದು ಹೇಳಿದೆ.

"ಕಲ್ಲ ಓದಿದಾಕಿ ನೀವ ಏನ್ರಿ?" ಎಂದು ಕಣ್ಣಿಗೆ ಕೈ ಅಡ್ಡ ಹಿಡಿದು ನನ್ನನ್ನು ನೋಡಿದಳು. "ಕುಂಡ್ರಿ."

ಕಟ್ಟೆಯ ಮೇಲೆ ಕೂತು ಎಲ್ಲವನ್ನೂ ಬಿಡಿಸಿ ಹೇಳಿದೆ. ಅರಸ ಎಂದು ಓದಿದ್ದು, ಅದು ತಪ್ಪೆಂದು ಈಗ ಕಂಡದ್ದು, ಆ ವೀರ ಅಗಸರ ಮನೆಯ ಮಗ ಎಂಬುದು. ಅಜ್ಜಿ ಎಣ್ಣೆ ತಿಕ್ಕುವುದನ್ನು ನಿಲ್ಲಿಸಿದಳು. ಆಮೇಲೆ ಬಹಳ ಮೆಲ್ಲಗೆ ಮಾತಾಡಿದಳು.

"ದೀಪಾವಳಿ ಪಾಡ್ಯಾದ ದಿನಾ ಆ ಕಲ್ಲಿಗೆ ಮೊದಲನೇ ಅರಿವಿ ನಮ್ಮನಿಯಿಂದ ಹೋಗ್ತೈತ್ರಿ ಅಕ್ಕಾರ. ಗೌಡರ ಮನೀದೂ ಆಮ್ಯಾಲನ. ಆವತ್ತ ಊರ ದನಾ ಅಡವಿಯಿಂದ ತಿರುಗಿ ಬರೂತನಾ ನಮ್ಮನ್ಯಾಗ ಒಲಿ ಹಚ್ಚಂಗಿಲ್ಲ. ಬ್ಯಾರೇ ಯಾರ ಮನ್ಯಾಗೂ ಇದಿಲ್ಲ, ನಮ್ಮನ್ಯಾಗ ಅಷ್ಟ."

"ಯಾಕ ಅಂತ ಕೇಳಿದ್ರೇನು ಆಯಿ, ಯಾರನ್ನರ?"

"ಊರ ಮಂದಿ, ಅದು ನಿಮ್ಮ ಸೇವಾ ಅಂತಿದ್ರು. ನಮ್ಮತ್ತಿ ಮಾತ್ರ ಹಂಗ ಅಂತಿದ್ದಿಲ್ಲ. ಅಂವ ನಮ್ಮಾಂವ, ನಮ್ಮನಿ ಹುಡುಗ ಅಂತಿದ್ಲು. ಅದಕ್ಕ ಆವತ್ತ ನಾವು ಹಸದಿರೂದು ಅಂತ. ನೀವು ಓದಿದ್ದು ಗ್ವಾಡಿ ಮ್ಯಾಲ ಬರಸಿದ್ರಲ್ಲ, ಆಗಿಂದ ಮಂದಿ ನಗಾಕ ಹತ್ತಿದ್ರು. ಅರಸನ ಮಗಾ ನಿಮ್ಮಾಂವ ಹೆಂಗಾದ ಅಂತ. ನಾನೂ ನಕ್ಕೇನ್ರಿ. ಆಮ್ಯಾಲ ಆಕಿ ಆ ಮಾತ ಬಿಟ್ಟಬಿಟ್ಲು. ಹೋಗೂತನಾ ಮತ್ತ ಹೇಳಲಿಲ್ಲ."

ಇಷ್ಟು ದಿನ ನನ್ನ ತಪ್ಪೆಂದರೆ ಒಂದು ಪ್ರಬಂಧದ ತಪ್ಪು, ಗುರುಗಳಿಗೆ ಹೇಳಿದ ಸುಳ್ಳು ಎಂದು ತಿಳಿದಿದ್ದೆ. ಅಕ್ಷರ ಬಾರದ ಒಬ್ಬ ಹೆಣ್ಣುಮಗಳು ಕಲ್ಲಿಗಿಂತ ಸರಿಯಾಗಿ ನೆನಪಿಟ್ಟುಕೊಂಡ ಮಾತನ್ನು ನಾನು ಆಕೆಯ ಬಾಯಲ್ಲೇ ಅಡಗಿಸಿದ್ದೆ. ಕೈ ಜೋಡಿಸಿದೆ. ಅಜ್ಜಿ ನನ್ನ ಕೈ ಹಿಡಿದು ಕೆಳಗಿಳಿಸಿದಳು. ಆಕೆಯ ಅಂಗೈಯಲ್ಲಿ ಎಣ್ಣೆಯ ಬಿಸುಪಿತ್ತು.

"ನಿಮಗರ ಏನ ಗೊತ್ತಿತ್ತು. ಸುಣ್ಣ ಬಡದಿದ್ರು."

"ಈಗ ಕಮಿಟಿಯವರ ಮುಂದ ಹೇಳಬೇಕಂತ ಬಂದೇನಿ. ಆದ್ರ ಅದರಿಂದ ನಿಮಗ ತ್ರಾಸ ಆಗೂದಿದ್ರ..."

ಅಜ್ಜಿ ಎಣ್ಣೆಯ ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು.

"ಹೇಳ್ರಿ. ನಮ್ಮನ್ಯಾರು ಹೇಳಿದ್ರು ಅಂತ ಮಾತ್ರ ಹೇಳಬ್ಯಾಡ್ರಿ. ಕಲ್ಲ ಹೇಳ್ತು ಅಂತ ಹೇಳ್ರಿ."

ಅಧ್ಯಕ್ಷರಿಗೆ ಫೋನ್ ಮಾಡಿ ಸಂಜೆ ನಾಲ್ಕೂವರೆಗೆ ಎಲ್ಲರನ್ನೂ ಕಲ್ಲಿನ ಹತ್ತಿರವೇ ಕರೆಯಲು ಕೇಳಿಕೊಂಡೆ. ಕಮಿಟಿಯ ಏಳೆಂಟು ಜನ ಬಂದರು. ಅವರಲ್ಲಿ ದೊಡ್ಡಾಟದ ಹಿರಿಯರೊಬ್ಬರಿದ್ದರು. ಇಪ್ಪತ್ತೈದು ವರ್ಷ ರಾಜಕುಮಾರನ ವೇಷ ಹಾಕಿದವರು. ದಪ್ಪ ಮೀಸೆ, ಬಿಳಿ ರುಮಾಲು. ಈ ಮಾತಿನಿಂದ ಯಾರಿಗಾದರೂ ನೋವಾಗುವುದಿದ್ದರೆ ಅದು ಅವರಿಗೇ.

ಬಿಸಿಲು ಕಲ್ಲಿನ ಮೇಲೆ ಅಡ್ಡ ಬಿದ್ದಾಗ ಒಬ್ಬೊಬ್ಬರನ್ನೇ ಹತ್ತಿರ ಕರೆದು ಅಕ್ಷರ ತೋರಿಸಿದೆ. ಕೆಳಗಿನ ಸಾಲಿನಲ್ಲಿ ಬೇರೆ ಕಡೆ ಬಂದಿದ್ದ 'ಸ' ತೋರಿಸಿ, ಅದನ್ನೂ ಇದನ್ನೂ ಹೋಲಿಸಿ ನೋಡಲು ಹೇಳಿದೆ. 'ಗ' ತೋರಿಸಿದೆ. ಆಮೇಲೆ ಹೇಳಿದೆ, ಇದು ಅರಸ ಅಲ್ಲ, ಅಸಗ. ಈಗಿನ ಮಾತಿನಲ್ಲಿ ಅಗಸ. ಮೂವತ್ತು ವರ್ಷದ ಹಿಂದೆ ನಾನು ತಪ್ಪು ಓದಿದೆ. ಮತ್ತೊಮ್ಮೆ ನೋಡಿ ಬಾ ಎಂದು ಗುರುಗಳು ಹೇಳಿದರೂ ನಾನು ಬರಲಿಲ್ಲ. ತಪ್ಪು ನನ್ನದು, ನಿಮ್ಮದಲ್ಲ.

ಮೊದಲು ಬಾಯಿ ಬಿಟ್ಟವರು ನಡುವಯಸ್ಸಿನ ಒಬ್ಬರು.

"ಇಷ್ಟು ವರ್ಷ ಅರಸ ಅಂದ್ರಿ, ಈಗ ಅಗಸ ಅಂತೀರಿ. ನಾಳೆ ಮತ್ತೊಂದು ಅಂತೀರಿ. ಇದರಾಗ ಏನರ ರಾಜಕೀಯ ಐತೇನ್ರಿ?"

"ಇಲ್ರಿ. ಬೇಕಾದ್ರ ಬ್ಯಾರೆ ಯಾರರ ತಿಳದವರನ್ನ ಕರಕೊಂಡು ಬಂದು ಓದಸ್ರಿ."

ಅವರು ಒಪ್ಪಲಿಲ್ಲ. ಪತ್ರಿಕೆ ಅಚ್ಚಾಗಿ ಊರೂರಿಗೆ ಹೋಗಿದೆ, ನಾಲ್ಕು ಮಂದಿ ನಗುತ್ತಾರೆ ಎಂದು ಗೊಣಗುತ್ತ ಬೈಕ್ ಹತ್ತಿ ಹೋಗಿಬಿಟ್ಟರು. ಉಳಿದವರು ಅಧ್ಯಕ್ಷರ ಮುಖ ನೋಡಿದರು. ಅಧ್ಯಕ್ಷರು ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡರು.

"ಅಕ್ಕಾರ, ಒಂದ ಮಾತ ಹೇಳ್ರಿ. ದನಾ ತಿರಗಿ ತಂದದ್ದು ಖರೇ ಏನು? ಅದರಾಗೂ ತಪ್ಪೇನರ ಐತೇನು?"

"ಅದು ಖರೇರಿ. ಅದರಾಗ ಒಂದಕ್ಷರಾನೂ ಹೋಗಿಲ್ಲ. ಊರ ದನಾ ಬಿಡಿಸಿಕೊಂಡು ಬಂದು ಸತ್ತಾನ."

"ಯಾರ ದನಾ?"

"ಊರ ದನಾ. ಎಲ್ಲಾರದೂ."

ಆಗ ದೊಡ್ಡಾಟದ ಹಿರಿಯರು ಮುಂದೆ ಬಂದರು. ಕಲ್ಲಿನ ಕೆಳಗಿನ ಹಂತದಲ್ಲಿ ಬಿಲ್ಲು ಹಿಡಿದವನ ಮುಂದೆ ಬಗ್ಗಿ, ಬಹಳ ಹೊತ್ತು ನೋಡಿದರು.

"ಇಪ್ಪತ್ತೈದು ವರ್ಷ ಆ ರಾಜಕುಮಾರನ ವೇಷಾ ಹಾಕೇನಿ," ಎಂದರು. "ಅಂವ ಹೆಂಗಸರ ಮುಂದ ಕುಂತು ಅವರನ್ನ ಕಡೀತೀನಿ, ಇವರನ್ನ ಕಡೀತೀನಿ ಅಂತ ಬಡಾಯಿ ಹೊಡೀತಾನ. ದಂಡ ಕಂಡ ಕೂಡಲೆ ರಥದಿಂದ ಜಿಗದು ಓಡ್ತಾನ. ಆ ಓಡೂದಕ್ಕ ಮಂದಿ ಸೀಟಿ ಹೊಡೀತಾರ. ಆದ್ರ ಪ್ರತಿ ವರ್ಷ ಆಟಾ ಮುಗಿದ ಮ್ಯಾಲ ಇಲ್ಲಿ ಬಂದು ಕೈ ಮುಗದಾಗ ನನಗ ಒಂದ ವಿಚಾರ ಬರ್ತಿತ್ತು. ಈ ಕಲ್ಲಾಗಿನಾಂವ ನಿಂತಾನಲ್ಲ. ಓಡಾಕತ್ತಿಲ್ಲ. ಇಂವ ಅಂವ ಹೆಂಗಾಗ್ತಾನ ಅಂತ."

ಅಧ್ಯಕ್ಷರು ಮೊದಲು ನಕ್ಕರು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ನಕ್ಕರು. ನಾನು ಕಟ್ಟೆಯ ಮೇಲೆ ಕೂತುಬಿಟ್ಟೆ. ಯಾರೋ ತಂಬಿಗೆಯಲ್ಲಿ ನೀರು ತಂದುಕೊಟ್ಟರು. ಗಟಗಟ ಕುಡಿದೆ. ನೀರು ಇಷ್ಟು ಸಿಹಿಯೆಂದು ಅನ್ನಿಸಿ ಎಷ್ಟು ದಿನವಾಗಿತ್ತೋ.

"ಫಲಕದ ಕಲ್ಲ ಇನ್ನೂ ಬಂದಿಲ್ರಿ," ಎಂದರು ಅಧ್ಯಕ್ಷರು. "ಕೆತ್ತಾವ ನಾಳೆ ನಾಡದು ಅಂತ ದಿನಾ ನೂಕಾಕತ್ತಾನ. ಅವನ್ನ ಬೈದಬೈದ ನನಗ ಸಾಕಾಗಿತ್ತು. ಈಗ ನೋಡಿದ್ರ ಛಲೋನ ಮಾಡ್ಯಾನ." ಕಿಸೆಯಿಂದ ಪೆನ್ನು ತೆಗೆದು ನನ್ನ ಕೈಗಿತ್ತು, "ಬರೀರಿ, ಏನ ಬರಿಬೇಕಂತ," ಎಂದರು.

ಪತ್ರಿಕೆಯ ಹಿಂಬದಿಯಲ್ಲಿ ಬರೆದೆ. ಈ ಊರಿನ ದನಗಳನ್ನು ಕಾಯ್ದು ಪ್ರಾಣ ಬಿಟ್ಟವನು, ಅಸಗನ ಮಗ, ಅಂದರೆ ಮಡಿವಾಳರ ಮನೆಯವನು, ಹೆಸರಿನ ಭಾಗ ಒಡೆದಿದೆ ಎಂದು. ಅಧ್ಯಕ್ಷರು ಗಟ್ಟಿಯಾಗಿ ಓದಿ ಎಲ್ಲರಿಗೂ ಕೇಳಿಸಿದರು. ಹಿರಿಯರೊಬ್ಬರು, ಓದಿದವರು ಯಾರೆಂದೂ ಕೆಳಗೆ ಹಾಕಿಸೋಣ ಎಂದರು. ಅದು ಬೇಡ ಎಂದು ನಾನು ಕೈಮುಗಿದೆ.

ಉದ್ಘಾಟನೆ ಮುಂದಿನ ತಿಂಗಳು ನಡೆಯಿತು. ಕಲ್ಲಿಗೆ ಹೊದಿಸಿದ ಅರಿವೆಯನ್ನು ಮಡಿವಾಳರ ಮನೆಯ ಅಜ್ಜಿಯೇ ತೆಗೆಯಬೇಕೆಂದು ಕಮಿಟಿ ಗೊತ್ತುಮಾಡಿತ್ತು. ಅಜ್ಜಿ ಮೊಣಕಾಲು ನೋವೆಂದು ಮೊದಲು ಬರಲೊಪ್ಪಲಿಲ್ಲವಂತೆ. ಆಮೇಲೆ ಮಗ ಹುಬ್ಬಳ್ಳಿಯಿಂದ ಬಂದು, ಬೈಕಿನ ಮೇಲೆ ಕೂರಿಸಿಕೊಂಡು ಕರೆತಂದ. ಇಳಕಲ್ ಸೀರೆಯಲ್ಲಿ ಬಂದ ಅಜ್ಜಿ ಅರಿವೆ ತೆಗೆದು, ಅಭ್ಯಾಸಬಲದಿಂದಲೋ ಏನೋ, ಅದನ್ನು ನಾಲ್ಕು ಮಡಿಕೆಯಾಗಿ ನೀಟಾಗಿ ಮಡಚಿ ಕಂಕುಳಲ್ಲಿ ಇಟ್ಟುಕೊಂಡಳು. ಮಾತಾಡಲು ಮೈಕ್ ಕೊಟ್ಟರು. "ನಮ್ಮತ್ತಿ ಇರಬೇಕಾಗಿತ್ತು," ಎಂದಷ್ಟೇ ಹೇಳಿ ಮೈಕ್ ತಿರುಗಿ ಕೊಟ್ಟಳು. ಸಿಟ್ಟಾಗಿ ಹೋಗಿದ್ದವರು ಬಂದಿರಲಿಲ್ಲ. ಅವರ ಹೆಂಡತಿ ಮಕ್ಕಳು ಬಂದು ಊಟಕ್ಕೆ ಕೂತಿದ್ದರು. ದೊಡ್ಡಾಟದವರು ಆ ವರ್ಷವೂ ರಾಜಕುಮಾರನ ಪ್ರಸಂಗವನ್ನೇ ಆಡಿದರು. ಅದು ಪುರಾಣ, ಇದು ನಮ್ಮೂರದು, ಎರಡೂ ಇರಲಿ ಎಂದು ಹಿರಿಯರು ತೀರ್ಪು ಕೊಟ್ಟಿದ್ದರು.

ಅಜ್ಜಿಯ ಅತ್ತೆಗೆ ಈ ಮಾತು ಮುಟ್ಟಿಸಲು ನನಗೆ ದಾರಿಯಿಲ್ಲ. ಆ ಒಂದು ಮುಳ್ಳು ಹಾಗೇ ಇದೆ. ಇರಬೇಕಾದದ್ದೇ.

ಇನ್ನೊಂದು ಕೆಲಸ ಉಳಿದಿತ್ತು. ನನ್ನ ಪ್ರಬಂಧವಿದ್ದ ಗ್ರಂಥಾಲಯಕ್ಕೆ ಹೋಗಿ, ಅನುಮತಿ ಪಡೆದು, ಆ ಪುಟದ ಎದುರಿಗೆ ತಿದ್ದುಪಡಿಯ ಚೀಟಿ ಅಂಟಿಸಿದೆ. ಏನು ತಪ್ಪಾಗಿತ್ತು, ಸರಿಯಾದ ಓದು ಏನು, ಮರುಪರಿಶೀಲನೆ ಮಾಡದೆ ಮಾಡಿದೆನೆಂದು ಹೇಳಿದ್ದು ನಾನೇ ಎಂದು ಅದರಲ್ಲಿ ಬರೆದು ಸಹಿ ಹಾಕಿದ್ದೆ. ಗ್ರಂಥಾಲಯದ ಸಿಬ್ಬಂದಿ ಪುಸ್ತಕವನ್ನು ತಿರುವಿ, ಕೊನೆಯಲ್ಲಿ ಅಂಟಿಸಿದ ಒಯ್ದವರ ಪಟ್ಟಿ ನೋಡಿದರು.

"ಮೇಡಂ, ಇಷ್ಟ ಕಾಳಜಿ ಮಾಡ್ಕೋಬ್ಯಾಡ್ರಿ. ಇದನ್ನ ಈವರೆಗೂ ಯಾರೂ ತಗೊಂಡು ಹೋಗೇ ಇಲ್ಲ."

ಪಟ್ಟಿ ಖಾಲಿಯಿತ್ತು. ಸ್ವಲ್ಪ ಚುಚ್ಚಿತು, ಸುಳ್ಳು ಯಾಕೆ ಹೇಳಲಿ. ಆದರೆ ನಗು ತಡೆಯಲಾಗಲಿಲ್ಲ. ಅವರೂ ನಕ್ಕರು. ಅಂಟು ಒಣಗುವವರೆಗೆ ಪುಸ್ತಕ ತೆರೆದಿಟ್ಟುಕೊಂಡು ಅಲ್ಲೇ ಬೆಂಚಿನ ಮೇಲೆ ಕೂತಿದ್ದೆ. ಆಮೇಲೆ ಅದನ್ನು ನಾನೇ ಕಪಾಟಿನಲ್ಲಿಟ್ಟು, ನಡೆದುಕೊಂಡು ಮನೆಗೆ ಬಂದು, ಊಟ ಮಾಡಿ ಮಲಗಿದೆ. ಎಚ್ಚರವಾದಾಗ ಸಂಜೆ ಐದು ಗಂಟೆ. ನಡುವೆ ಒಮ್ಮೆಯೂ ಎಚ್ಚರವಾಗಿರಲಿಲ್ಲ.